ಮುಖ ಆಮೇಲೆ, ಮೊದಲು ಬುಡ ತೋರಿಸಿ

ಹಳೆಯ ವಸ್ತುಗಳ ಈ ಅಂಕಣಕ್ಕೆ ಸಾಮಾನ್ಯವಾಗಿ ನಾಣ್ಯ, ಅಂಚೆಚೀಟಿ, ಹಿತ್ತಾಳೆಯ ದೀಪ, ಬಾಸೆಲ್ ಮಿಷನ್ನಿನ ಹೆಂಚು ಇಂಥವುಗಳ ಪ್ರಶ್ನೆಗಳೇ ಬರುತ್ತವೆ. ಹಿಂದಿನ ಸಂಚಿಕೆಯಲ್ಲಿ ಸಂಪಾದಕರು ನಮ್ಮ ಅಂಬಲಪಾಡಿ ಮನೆಯ ಚಾವಡಿಯ ಗೋಡೆಯ ಚಿತ್ರವೊಂದನ್ನು ಅಚ್ಚು ಹಾಕಿದ್ದೇ ತಡ, ಎಲ್ಲರ ಕಣ್ಣೂ ಬಿಯರ್ ಹಿಡಿಕೆಗಳ ಮೇಲೆ ಬಿತ್ತು. ಬಾರ್‌ನ ನಲ್ಲಿಯ ತಲೆಗೆ ತಿರುಗಿಸಿ ಕೂರಿಸುವ, ಮೀನು, ಗೂಬೆ, ಕೋಡಿನ ಪಿಶಾಚಿ, ಹಾಯಿದೋಣಿ ಮುಂತಾದ ಆಕಾರದ ಹಿಡಿಕೆಗಳು ಅವು. ಪ್ರವಾಸಿ ಹಡಗುಗಳ ಬಾರ್‌ನಲ್ಲಿ ಗ್ಲಾಸು ತುಂಬಿಸುತ್ತಲೇ ಪ್ರಾಯ ಕಳೆದವನಿಗೆ ಈ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಊರಿನವರಿಗೂ ಇಷ್ಟು ಕುತೂಹಲ ಇದ್ದೀತು ಎಂದು ಮಾತ್ರ ಎಣಿಸಿರಲಿಲ್ಲ. ಈ ಸಲ ಅವೇ ಪತ್ರಗಳು. ಹೆಂಚಿನವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ನನ್ನ ಮಗ ಅಮೆರಿಕದ ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ರಜೆಯಲ್ಲಿ ಬರುವಾಗ ಒಂದಡಿಯಷ್ಟು ಉದ್ದದ ಬಣ್ಣದ ಮೀನಿನ ಹಿಡಿಕೆ ತಂದಿದ್ದಾನೆ. ಹಡಗಿನವರೇ ಬೇಡವೆಂದು ಕೊಟ್ಟದ್ದಂತೆ. ಬಹಳ ಅಪರೂಪದ್ದು, ಲಕ್ಷ ರೂಪಾಯಿಗೆ ಮೋಸವಿಲ್ಲ ಎನ್ನುತ್ತಾನೆ. ಚಿತ್ರ ಕಳಿಸಿದ್ದೇನೆ. ಹೌದೇ?
(ಕಟಪಾಡಿಯ ಓದುಗರು)

ಉತ್ತರ: ಲಕ್ಷವಂತೂ ಇಲ್ಲ ಮಾರಾಯರೇ. ಚಿತ್ರದಲ್ಲಿರುವುದು ಟ್ರೌಟ್ ಮೀನು. ಅಟ್ಲಾಂಟಾದಲ್ಲಿ 1997ರಲ್ಲಿ ಶುರುವಾದ ಸ್ವೀಟ್‌ವಾಟರ್ ಎಂಬ ಬ್ರೂವರಿಯ, ಅಂದರೆ ಬಿಯರ್ ತಯಾರಿಸುವ ಕಂಪನಿಯ, ಗುರುತು ಅದು. ಅವರ ಬಿಯರ್ ಸಿಗುವ ಬಾರ್‌ಗಳಲ್ಲೆಲ್ಲ ನಲ್ಲಿಯ ಮೇಲೆ ಈ ಮೀನು ಬಾಯಿ ತೆರೆದು ನಿಂತಿರುತ್ತದೆ. ಅಂದರೆ ಹೇರಳವಾಗಿದೆ. ನೋಡಲು ಚಂದ, ಇಟ್ಟುಕೊಳ್ಳಿ. ಮಗನಿಗೂ ಬೈಯಬೇಡಿ, ಹಡಗಿನಲ್ಲಿ ಅವನಿಗೆ ಯಾರೋ ಹಿರಿಯರು ಹಾಗೆಂದು ಹೇಳಿರುತ್ತಾರೆ. ಹಿರಿಯರು ಹೇಳಿದ್ದನ್ನು ನಾವೂ ನಂಬಿಕೊಂಡೇ ಬಂದವರು.

ಆಕಾರ ವಿಚಿತ್ರವಾದಷ್ಟೂ ವಸ್ತು ಅಪರೂಪ ಎಂದು ಎಲ್ಲರೂ ತಿಳಿಯುತ್ತಾರೆ. ಈ ಹಿಡಿಕೆಗಳ ವಿಷಯದಲ್ಲಿ ಅದು ಹೆಚ್ಚಾಗಿ ತಲೆಕೆಳಗು. ಬಾರ್‌ನ ಹಿಂದೆ ತಣ್ಣನೆಯ ಕೋಣೆಯಲ್ಲಿ ಬಿಯರ್ ತುಂಬಿದ ಕೆಗ್, ಅಂದರೆ ಪೀಪಾಯಿ, ಇರುತ್ತದೆ. ಅನಿಲದ ಒತ್ತಡಕ್ಕೆ ಬಿಯರ್ ಕೊಳವೆಯಲ್ಲಿ ನಲ್ಲಿಯ ತನಕ ಬರುತ್ತದೆ. ಹಿಡಿಕೆಯನ್ನು ನಮ್ಮ ಕಡೆಗೆ ಎಳೆದರೆ ನಲ್ಲಿ ತೆರೆಯುತ್ತದೆ, ಆಚೆ ದೂಡಿದರೆ ಮುಚ್ಚುತ್ತದೆ. ಎಳೆದರೆ ಪೂರ್ತಿ ಎಳೆಯಬೇಕು, ಅರ್ಧ ತೆರೆದರೆ ಗ್ಲಾಸಿನ ತುಂಬ ನೊರೆಯೇ. ಕೆಗ್ ಖಾಲಿಯಾಗಿ ಬೇರೆ ಕಂಪನಿಯ ಬಿಯರ್ ಬಂದರೆ ಹಳೆಯ ಹಿಡಿಕೆಯನ್ನು ತಿರುಗಿಸಿ ತೆಗೆದು ಹೊಸದನ್ನು ಕೂರಿಸುತ್ತೇವೆ. ಹಾಗಾಗಿ ಹಿಡಿಕೆಯೇ ಅಂಗಡಿಯ ಬೋರ್ಡು. ಗಲಾಟೆಯ ಬಾರ್‌ನಲ್ಲಿ ಗಿರಾಕಿಗೆ ಹೆಸರು ಓದುವ ವ್ಯವಧಾನ ಇರುವುದಿಲ್ಲ, ದೂರದಿಂದಲೇ ‘ಆ ಮೀನಿನದ್ದು ಒಂದು’ ಎಂದು ಬೆರಳು ತೋರಿಸುತ್ತಾನೆ. ಮೀನು ಚೆನ್ನಾಗಿ ದುಡಿಯುತ್ತದೆ ಎಂದು ಗೊತ್ತಾದರೆ ಕಂಪನಿ ಇನ್ನಷ್ಟು ಮೀನು ಮಾಡಿಸುತ್ತದೆ. ಗೆದ್ದ ಆಕಾರ ಎಲ್ಲೆಡೆ ಸಿಗುತ್ತದೆ.

ಅಪರೂಪವಾಗುವುದು ಸೋತ ಆಕಾರ. ನಲ್ಲಿಗಳ ಸಾಲಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂಗೈಯಗಲ ಜಾಗವಿದ್ದರೆ ಹೆಚ್ಚು. ರೆಕ್ಕೆ ಬಿಚ್ಚಿದ ಹದ್ದನ್ನು ಅಲ್ಲಿ ಕೂರಿಸಿದರೆ ಪಕ್ಕದ ಹಿಡಿಕೆಯನ್ನು ಎಳೆಯಲಿಕ್ಕೆ ಆಗುವುದಿಲ್ಲ. ತಲೆಭಾರದ ಆಕೃತಿಗಳದ್ದು ಇನ್ನೊಂದು ಕಥೆ: ಭಾರಕ್ಕೆ ಹಿಡಿಕೆ ತಾನಾಗಿ ಮುಂದಕ್ಕೆ ಬಾಗಿ ನಲ್ಲಿ ತೆರೆದುಕೊಳ್ಳುತ್ತದೆ. ನೆಲದ ಮೇಲಿನ ಬಾರ್‌ಗಳಲ್ಲಿ ಇದಕ್ಕೊಂದು ಸ್ಪ್ರಿಂಗ್ ಹಾಕಿ ಸುಧಾರಿಸುತ್ತಾರೆ. ಹಡಗು ವಾಲತೊಡಗಿದರೆ ಸ್ಪ್ರಿಂಗ್ ಕೂಡ ಕೈಬಿಡುತ್ತದೆ. ಕೋಡಿನ ಪಿಶಾಚಿಯೊಂದು ಅಟ್ಲಾಂಟಿಕ್ ಸಮುದ್ರದ ಅಲೆಗೆ ತಲೆದೂಗಿ ದೂಗಿ ರಾತ್ರಿಯಿಡೀ ಬಿಯರ್ ಸುರಿಸಿದ್ದನ್ನು ನೆಲ ಒರೆಸಿದವನಾಗಿ ಹೇಳುತ್ತಿದ್ದೇನೆ. ಇಂಥ ಹಿಡಿಕೆಗಳನ್ನು ಬಾರಿನವರು ಬೇಗ ಕಳಚಿ ಮೂಲೆಗೆ ಹಾಕುತ್ತಾರೆ, ಕಂಪನಿ ಎರಡನೆಯ ಸಲ ಮಾಡಿಸುವುದಿಲ್ಲ. ಕೆಲಸಕ್ಕೆ ಬಾರದೆ ಹೋದದ್ದಕ್ಕೇ ಮುಂದೆ ಸಂಗ್ರಹಕಾರರು ಕಚ್ಚಾಡುವುದು. ಒಂದೇ ಊರಿಗೆ ಬಿಯರ್ ಮಾಡಿ ಬಾಗಿಲು ಹಾಕಿದ ಸಣ್ಣ ಬ್ರೂವರಿಗಳದ್ದು, ಒಂದೇ ಹಬ್ಬದ ಋತುವಿಗೆಂದು ಬಂದು ಹೋದದ್ದು ಇವೂ ಸಿಗುವುದು ಕಷ್ಟ.

‘ಕಂಪನಿ ಮುಚ್ಚಿತು’ ಎಂಬ ಸುದ್ದಿ ಕೇಳಿ ಮಾತ್ರ ಓಡಬೇಡಿ. 1896ರಿಂದ ನಡೆದುಬಂದ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವಿಂಗ್ 2023ರಲ್ಲಿ ಬಾಗಿಲು ಹಾಕಿದಾಗ ಅದರ ಹೆಸರಿನ ಪ್ರತಿಯೊಂದು ವಸ್ತುವನ್ನೂ ಜನ ಅಪರೂಪದ್ದು ಎಂದು ಕರೆಯತೊಡಗಿದರು. ಮರುವರ್ಷ ಹೊಸ ಯಜಮಾನರು ಅದನ್ನು ಕೊಂಡರು. ದಶಕಗಟ್ಟಲೆ ದೇಶವಿಡೀ ಬಿಯರ್ ಮಾರಿದ ಕಂಪನಿಯ ಹಿಡಿಕೆ, ಬಾಗಿಲು ಹಾಕಿದ ಮಾತ್ರಕ್ಕೆ ಎಲ್ಲಿ ಕರಗಿಹೋದೀತು?

ಇನ್ನು ಮುಂದೆ ಚಿತ್ರ ಕಳಿಸುವವರಿಗೆಲ್ಲ ಒಂದು ವಿನಂತಿ. ಎಲ್ಲರೂ ಮುಖದ ಚಿತ್ರವನ್ನೇ ಕಳಿಸುತ್ತೀರಿ, ಬುಡದ್ದು ಯಾರೂ ಕಳಿಸುವುದಿಲ್ಲ. ನನಗೆ ಬೇಕಾದದ್ದು ಬುಡ. ಅಲ್ಲಿ ಲೋಹದ ಬಳೆ ಇದೆಯೇ, ಒಳಗಿನ ಥ್ರೆಡ್ ಸವೆದಿದೆಯೇ, ತಯಾರಕರ ಗುರುತು ಇದೆಯೇ, ಬಳೆಯ ಸುತ್ತ ನಲ್ಲಿಯ ಕುತ್ತಿಗೆ ಉಜ್ಜಿದ ಗೆರೆ ಬಿದ್ದಿದೆಯೇ ನೋಡಬೇಕು. ನಿಜವಾಗಿ ದುಡಿದ ಹಿಡಿಕೆಯಲ್ಲಿ ಬಣ್ಣ ಹೋಗುವುದು ಬೆರಳು ಹಿಡಿಯುವ ಜಾಗದಲ್ಲಿ, ಅಂದರೆ ನಡುವಿನಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ. ಮೂಗು, ಕಿವಿ, ರೆಕ್ಕೆಯ ತುದಿಯಲ್ಲಷ್ಟೇ ಬಣ್ಣ ಹೋಗಿ ನಡು ಹೊಸದಾಗಿಯೇ ಇದ್ದರೆ ಅದು ಪೆಟ್ಟಿಗೆಯಲ್ಲಿ ಉರುಳಾಡಿದ್ದು, ಇಲ್ಲವೇ ಯಾರೋ ಮರಳುಕಾಗದದಲ್ಲಿ ಉಜ್ಜಿ ‘ಹಳತು’ ಮಾಡಿದ್ದು. ನಿಮ್ಮ ಮಗನ ಮೀನಿನ ಹೊಟ್ಟೆಯ ಬಣ್ಣ ಮಾಸಿದೆ. ಅದು ದುಡಿದ ಮೀನು. ನನ್ನ ಲೆಕ್ಕದಲ್ಲಿ ಅದಕ್ಕೆ ಮರ್ಯಾದೆ ಹೆಚ್ಚು, ಬೆಲೆ ಹೆಚ್ಚದಿದ್ದರೂ.

ಪ್ರಶ್ನೆ: ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಕರಡಿಯ ಆಕಾರದ ಹಿಡಿಕೆಯೊಂದನ್ನು ನೋಡಿದೆ. ‘1940ರ ದಶಕದ್ದು, ಅತ್ಯಪರೂಪ, ರೆಸಿನ್’ ಎಂದು ಬರೆದಿದ್ದಾರೆ. ಉಳಿಸಿದ ಪಾಕೆಟ್ ಮನಿ ಹಾಕಬಹುದೇ?
(ಮಣಿಪಾಲದ ವಿದ್ಯಾರ್ಥಿ)

ಉತ್ತರ: ಬೇಡ ತಮ್ಮಾ. ಆ ಮೂರು ಮಾತುಗಳಲ್ಲಿ ಮೊದಲನೆಯದೂ ಕೊನೆಯದೂ ಒಂದೇ ವಸ್ತುವಿಗೆ ಹೊಂದುವುದಿಲ್ಲ. ರೆಸಿನ್ ಎಂದರೆ ಅಚ್ಚಿಗೆ ಹುಯ್ದು ಗಟ್ಟಿಮಾಡುವ ಒಂದು ಬಗೆಯ ಪ್ಲಾಸ್ಟಿಕ್.

ಸ್ವಲ್ಪ ಚರಿತ್ರೆ ತಿಳಿದಿದ್ದರೆ ಇಂಥ ಕರಡಿಗಳಿಂದ ಪಾರಾಗಬಹುದು. ಅಮೆರಿಕದಲ್ಲಿ 1920ರಿಂದ ಪಾನನಿಷೇಧ ಇತ್ತು. 1933ರ ಏಪ್ರಿಲ್ 7ರಂದು ಹಗುರ ಬಿಯರ್‌ಗೆ ಅನುಮತಿ ಸಿಕ್ಕಿತು, ಅದೇ ವರ್ಷದ ಡಿಸೆಂಬರ್ 5ರಂದು ನಿಷೇಧವೇ ಹೋಯಿತು. ಬಾರ್‌ಗಳು ಮತ್ತೆ ತೆರೆದಾಗ ಯಾವ ನಲ್ಲಿಯಿಂದ ಯಾರ ಬಿಯರ್ ಬರುತ್ತಿದೆ ಎಂದು ಗಿರಾಕಿಗೆ ಕಾಣಬೇಕು ಎಂಬ ನಿಯಮಗಳು ಬಂದವು. ಅಗ್ಗದ ಬಿಯರನ್ನು ಒಳ್ಳೆಯ ಹೆಸರಿನಲ್ಲಿ ಸುರಿಯುವುದನ್ನು ತಡೆಯಬೇಕಿತ್ತು. ಆಗ ಬಂದದ್ದು ಗುಂಡಿನ ಆಕಾರದ ಹಿಡಿಕೆ, ಸಂಗ್ರಹಕಾರರು ಬಾಲ್ ನಾಬ್ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವ ಗಾತ್ರ, ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್‌ನದ್ದೋ ಕ್ರೋಮ್ ಲೇಪದ್ದೋ ಮೈ, ಮುಖದಲ್ಲಿ ಕಂಪನಿಯ ಹೆಸರಿನ ಎನಾಮೆಲ್ ಬಿಲ್ಲೆ. 1930 ಮತ್ತು 40ರ ದಶಕಗಳಲ್ಲಿ ನಲ್ಲಿಗಳ ಮೇಲೆ ಹೆಚ್ಚಾಗಿ ಇದ್ದದ್ದು ಇವು. ಆಮೇಲೆ ಪಾರದರ್ಶಕ ಅಕ್ರಿಲಿಕ್‌ನ ಉದ್ದನೆಯ ಹಿಡಿಕೆಗಳು ಬಂದವು. ಕರಡಿ, ತಿಮಿಂಗಿಲ, ಅಸ್ಥಿಪಂಜರಗಳ ಮೆರವಣಿಗೆ ಜೋರಾದದ್ದು ಸಣ್ಣ ಬ್ರೂವರಿಗಳು ಹೆಚ್ಚಿದ ಮೇಲೆ, 1980 ಮತ್ತು 90ರ ದಶಕಗಳ ನಂತರ. ದೊಡ್ಡ ಕಂಪನಿಗಳ ಹಾಗೆ ಟಿವಿಯಲ್ಲಿ ಜಾಹೀರಾತು ಕೊಡಲು ಅವರಲ್ಲಿ ದುಡ್ಡಿರಲಿಲ್ಲ, ಇದ್ದ ಜಾಹೀರಾತು ಇದೊಂದೇ.

ಆ ಆಕೃತಿಗಳು ತಯಾರಾಗುವುದು ಹೀಗೆ: ಕಲಾವಿದ ಮಣ್ಣಿನಲ್ಲಿ ಒಂದು ಮೂಲರೂಪ ಮಾಡುತ್ತಾನೆ, ಅದರ ಮೇಲೆ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ರೆಸಿನ್ ಹುಯ್ಯುತ್ತಾರೆ, ಗಟ್ಟಿಯಾದ ಮೇಲೆ ಕೈಯಲ್ಲಿ ಬಣ್ಣ ಬಳಿಯುತ್ತಾರೆ. ನಮ್ಮಲ್ಲಿ ಚೌತಿಗೆ ಮುಂಚೆ ಪ್ಲಾಸ್ಟರ್ ಗಣಪತಿಗಳು ಸಾಲಾಗಿ ಹೊರಬಂದ ಹಾಗೆಯೇ ಸರಿ. ಈ ಕೆಲಸ ಬಹಳಷ್ಟು ಚೀನಾದಲ್ಲಿ ಆಗುತ್ತದೆ. ಹಾಗಾಗಿ ಬುಡದಲ್ಲಿ ಚೀನಾದ ಚೀಟಿ ಕಂಡರೆ ನಕಲಿ ಎಂದು ಬೊಬ್ಬೆ ಹಾಕಬೇಕಾಗಿಲ್ಲ, ಅಸಲಿಗೂ ಅದೇ ಚೀಟಿ ಇರುತ್ತದೆ. ನಕಲಿಯನ್ನು ಹಿಡಿಯುವುದು ವಿವರದಲ್ಲಿ. ಒಂದು ಹಿಡಿಕೆಯಿಂದಲೇ ಮತ್ತೆ ಅಚ್ಚು ತೆಗೆದು ಹುಯ್ದರೆ ತುಪ್ಪಳದ ಗೆರೆಗಳು ಮಸುಕಾಗುತ್ತವೆ, ಅಕ್ಷರದ ಅಂಚು ದುಂಡಗಾಗುತ್ತದೆ, ಮೈಯಲ್ಲಿ ಸಣ್ಣ ಗಾಳಿಗುಳ್ಳೆಗಳ ತೂತು ಕಾಣುತ್ತದೆ, ಅಳತೆಯೂ ಕೂದಲೆಳೆಯಷ್ಟು ಕಿರಿದಾಗಿರುತ್ತದೆ.

ನಿಜಕ್ಕೂ ಹಳೆಯದು ಬೇಕಿದ್ದರೆ ಬೇಕಲೈಟ್ ಗುಂಡನ್ನು ಹುಡುಕು. ಸಿಕ್ಕಾಗ ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸಬೇಕು. ಹಳೆಯ ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬಂದರೆ ಬೇಕಲೈಟ್ ಇರಬಹುದು. ಅಂಗಡಿಯವನು ಮೂಸಲು ಬಿಡದಿದ್ದರೆ ಎದ್ದು ಬಾ. ಇನ್ನು ಬೆಲೆ: ಮಾರುವವನು ಕೇಳಿದ್ದು ಬೆಲೆಯಲ್ಲ, ಅಂಥದ್ದೇ ವಸ್ತು ಹಿಂದೆ ನಿಜವಾಗಿ ಎಷ್ಟಕ್ಕೆ ಹೋಗಿದೆ ಎಂಬುದು ಬೆಲೆ. ಹರಾಜು ತಾಣಗಳಲ್ಲಿ ಮಾರಾಟ ಮುಗಿದವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ನೋಡುವ ಸೌಲಭ್ಯ ಇರುತ್ತದೆ. ಕೊರಿಯರ್ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿ ನೋಡಿದರೆ ಕರಡಿಯ ಮೇಲಿನ ಪ್ರೀತಿ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ನನ್ನ ಯಜಮಾನರು ದುಬೈಯಲ್ಲಿ ಹೋಟೆಲಿನ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಒಂದು ತೊಟ್ಟೂ ಕುಡಿಯುವವರಲ್ಲ. ಆದರೆ ಹಾಲ್‌ನ ಷೋಕೇಸ್ ತುಂಬ ಬಿಯರ್ ಹಿಡಿಕೆಗಳು. ದೇವರ ಫೋಟೋದ ಎದುರೇ ನಾಲಗೆ ಚಾಚಿದ ಒಂದು ತಲೆಬುರುಡೆ ಇದೆ. ಮಗಳನ್ನು ನೋಡಲು ಮುಂದಿನ ತಿಂಗಳು ಹುಡುಗನ ಕಡೆಯವರು ಬರುತ್ತಾರೆ. ತೆಗೆಯಿರಿ ಎಂದರೆ ‘ಅದು ಕಲೆ’ ಎನ್ನುತ್ತಾರೆ. ನಿಮ್ಮ ಮಾತಾದರೂ ಕೇಳಿಯಾರು.
(ಬಿಜೈಯ ಗೃಹಿಣಿ)

ಉತ್ತರ: ಅಕ್ಕಾ, ತಲೆಬುರುಡೆಯನ್ನು ಇಂದೇ ಒಳಗಿನ ಕೋಣೆಗೆ ಸಾಗಿಸಿ. ಯಜಮಾನರು ಕೇಳಿದರೆ ಈ ಪುಟವನ್ನು ತೋರಿಸಿ. ಸಂಗ್ರಹಕಾರನಾಗಿಯೂ ಇದನ್ನೇ ಹೇಳುತ್ತೇನೆ: ಹಾಲ್‌ನ ಕಿಟಕಿಯ ಬಿಸಿಲು ತಗಲಿದರೆ ರೆಸಿನ್ ಮೇಲಿನ ವಾರ್ನಿಷ್ ಹಳದಿಗಟ್ಟುತ್ತದೆ, ಬಣ್ಣ ಬಿಳಚುತ್ತದೆ. ಕಲೆ ಎನ್ನುವವರು ಕಲೆಯನ್ನು ಬಿಸಿಲಿಗೆ ಹಾಕುತ್ತಾರೆಯೇ?

ಆದರೆ ಉಳಿದವುಗಳನ್ನು ಅಟ್ಟಕ್ಕೆ ಎಸೆಯಲು ನಾನು ಒಪ್ಪುವುದಿಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದ್ದೀರಾ? ಕೆಡವಲಿದ್ದ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ವಿಜಯನಾಥ ಶೆಣೈಯವರು ಜೋಪಾನ ಮಾಡಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ನಿಮಗೆ ಹತ್ತಿರದ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ 1913ರಿಂದ ಇದೆ, ಅಲ್ಲಿಯೂ ತರಹೇವಾರಿ ವಸ್ತುಗಳಿವೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ. ಎಲ್ಲವೂ ಯಾರೋ ಒಬ್ಬರು ‘ಇದೊಂದು ಇರಲಿ’ ಎಂದು ಹಟ ಹಿಡಿದದ್ದರಿಂದ ಉಳಿದವು. ನಿಮ್ಮ ಯಜಮಾನರನ್ನು ಆ ಸಾಲಿನಲ್ಲಿ ಕೂರಿಸುತ್ತಿಲ್ಲ, ಅವರು ಹಿಗ್ಗಿಯಾರು. ಅವರಿಂದ ಒಂದು ಕೆಲಸ ಮಾಡಿಸಿ: ಪ್ರತಿಯೊಂದು ಹಿಡಿಕೆಯ ಕೆಳಗೂ ಯಾವ ಊರಿನದ್ದು, ಯಾವ ವರ್ಷ ಸಿಕ್ಕಿತು, ಯಾರು ಕೊಟ್ಟರು ಎಂದು ಚೀಟಿ ಬರೆದು ಹಚ್ಚಲಿ. ಚೀಟಿ ಬರೆಯಲಾಗದ್ದನ್ನು ಮಾರಲಿ. ಷೋಕೇಸ್ ಅರ್ಧ ಖಾಲಿಯಾಗುತ್ತದೆ ಎಂದು ನನ್ನ ಅಂದಾಜು.

ಹುಡುಗನ ಕಡೆಯವರ ವಿಷಯ. ಚೀಟಿ ಹಚ್ಚಿದ ಷೋಕೇಸನ್ನು ನೋಡಿ ಹುಡುಗನ ತಂದೆ ಕಪಾಟಿನ ಹತ್ತಿರ ಬಂದು ಕನ್ನಡಕ ಏರಿಸಿಕೊಂಡರೆ ಅರ್ಧ ಮಾತು ಮುಗಿದ ಹಾಗೆಯೇ. ನಿಮ್ಮ ಯಜಮಾನರು ಪ್ರತಿಯೊಂದರ ಕಥೆಯನ್ನೂ ಹೇಳಲು ಶುರುಮಾಡದಂತೆ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಮರದ ಹಿಡಿಕೆಗಳಿಗೆ ಬೂಷ್ಟು ಹಿಡಿಯುತ್ತದೆ, ಬುಡದ ಲೋಹಕ್ಕೆ ಬಿಳಿ ಹುಡಿ ಬರುತ್ತದೆ. ಮನೆ ಸಮುದ್ರದಿಂದ ಕೂಗಳತೆಯಲ್ಲಿದೆ. ಹುಣಸೆಹುಳಿ ಹಾಕಿ ತಿಕ್ಕಬಹುದೇ?
(ಸುರತ್ಕಲ್‌ನ ಓದುಗರು)

ಉತ್ತರ: ಹುಣಸೆಹುಳಿ ಕಾಲುದೀಪಕ್ಕೆ ಇರಲಿ, ಹಿಡಿಕೆಗೆ ಬೇಡ. ಬುಡದ ಬಳೆ ಅಪ್ಪಟ ಹಿತ್ತಾಳೆಯಾಗಿದ್ದರೆ ನಡೆದೀತು, ಆದರೆ ಹೆಚ್ಚಿನವು ಸತುವಿನ ಎರಕಕ್ಕೆ ಕ್ರೋಮ್ ಅಥವಾ ಹಿತ್ತಾಳೆ ಬಣ್ಣದ ತೆಳು ಲೇಪ ಕೊಟ್ಟವು. ಹುಳಿ ತಾಗಿದರೆ ಲೇಪವೇ ಎದ್ದು ಹೋಗುತ್ತದೆ. ನೀವು ಹೇಳುವ ಬಿಳಿ ಹುಡಿ ಸತುವಿನ ತುಕ್ಕು. ಹಳೆಯ ಟೂತ್‌ಬ್ರಷ್ಷಿನಿಂದ ಒಣಗಿದ್ದನ್ನು ಉದುರಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿಬಿಡಿ. ಥ್ರೆಡ್ಡಿನ ಒಳಗೂ ಒಂದು ಹನಿ.

ಮರದ್ದಕ್ಕೆ ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ಬೆಂಕಿಯ ಹತ್ತಿರ ಒಣಗಿಸಿದರೆ ಬಿರುಕು ಖಂಡಿತ. ಆಮೇಲೆ ಜೇನುಮೇಣ ಸವರಿ. ಮಳೆಗಾಲಕ್ಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವವರಿದ್ದಾರೆ. ತೇವ ಹೊರಗೆ ಹೋಗಲಾಗದೆ ಚೀಲದೊಳಗೆ ಬೂಷ್ಟು ಇನ್ನೂ ಸೊಂಪಾಗಿ ಬೆಳೆಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪುಡಿಕೆ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಒರಳೆಯನ್ನು ನೆನಪಿಡಿ. ರೆಸಿನ್ ಹಿಡಿಕೆಗೆ ಒರಳೆ ಬರುವುದಿಲ್ಲ, ಅದನ್ನು ಕೂರಿಸಿದ ಹಲಗೆಗೆ ಬರುತ್ತದೆ. ರೆಸಿನ್ನಿಗೆ ಥಿನ್ನರ್, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ ಯಾವುದನ್ನೂ ತಾಗಿಸಬೇಡಿ, ಬಣ್ಣ ಕೈಗೇ ಬರುತ್ತದೆ. ಚಿತ್ರ ಬಿಡಿಸುವ ಮೆತ್ತನೆಯ ಕುಂಚದಿಂದ ಧೂಳು ಹೊಡೆದರೆ ಸಾಕು. ಕಿವಿಯೋ ಕೋಡೋ ಮುರಿದರೆ ಅರಾಲ್ಡೈಟ್ ಹಿಡಿಯುತ್ತದೆ, ಮಾರುವಾಗ ಮಾತ್ರ ಅಂಟಿಸಿದ್ದನ್ನು ಹೇಳಿಬಿಡಿ.

ಗೋಡೆಗೆ ಕೂರಿಸುವುದು ಹೇಗೆಂದು ಇನ್ನೂ ಕೆಲವರು ಕೇಳಿದ್ದಾರೆ. ಅಮೆರಿಕದ ಹಿಡಿಕೆಗಳ ಥ್ರೆಡ್ ಸಾಮಾನ್ಯವಾಗಿ ಎಂಟನೇ ಮೂರು ಇಂಚು, ಒಂದು ಇಂಚಿಗೆ 16 ಸುತ್ತು. ಅಂಗಡಿಯಲ್ಲಿ ಹೀಗೆ ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. ಮಂಗಳೂರಿನ ಬಂದರಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಮೂರು ಸೂತಿನ ವಿಟ್‌ವರ್ತ್ ಬೋಲ್ಟ್’ ಎನ್ನಿ. ಬ್ರಿಟಿಷರ ಕಾಲದ ಆ ಅಳತೆಯಲ್ಲಿಯೂ ಇಂಚಿಗೆ 16 ಸುತ್ತೇ. ಸುತ್ತಿನ ಕೋನದಲ್ಲಿ ಅಲ್ಪ ವ್ಯತ್ಯಾಸವಿದೆ, 60 ಡಿಗ್ರಿಯ ಬದಲು 55, ಆದ್ದರಿಂದ ಸ್ಪ್ಯಾನರ್ ಹಾಕಿ ಬಿಗಿಯಬೇಡಿ, ಕೈಯಲ್ಲಿ ತಿರುಗಿಸಿದಷ್ಟು ಸಾಕು. ಹಲಗೆಯ ಹಿಂದಿನಿಂದ ಬೋಲ್ಟ್ ತೂರಿಸಿ ಮೇಲೆ ಹಿಡಿಕೆ ಕೂರಿಸಿದರೆ ಆಯಿತು. ಯುರೋಪಿನ ಕೆಲವು ಹಿಡಿಕೆಗಳದ್ದು ಮಿಲಿಮೀಟರ್ ಲೆಕ್ಕ. ಅವಕ್ಕೆ ಇದನ್ನು ಒತ್ತಾಯದಿಂದ ತುರುಕಿದರೆ ಥ್ರೆಡ್ ಹಾಳು.

ಪ್ರಶ್ನೆ: ನಿಮ್ಮ ಸಂಗ್ರಹದಲ್ಲಿ ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು?
(ಉಡುಪಿ ಬ್ರಹ್ಮಗಿರಿಯ ಓದುಗರು)

ಉತ್ತರ: ಐರ್ಲೆಂಡಿನ ಗಿನ್ನೆಸ್ ಬಿಯರ್ ಕಂಪನಿಯ ಕಿನ್ನರಿ, ಅಂದರೆ ಹಾರ್ಪ್ ಎಂಬ ತಂತಿವಾದ್ಯದ ಗುರುತಿನ ಹಿಡಿಕೆ. ಅಪರೂಪದ್ದೇನಲ್ಲ, ಲೋಕದ ಐರಿಷ್ ಪಬ್‌ಗಳಲ್ಲೆಲ್ಲ ಅದರ ಬಂಧುಗಳಿವೆ. ಕಿನ್ನರಿಯ ಗುರುತನ್ನು ಕಂಪನಿ 1862ರಲ್ಲಿ ಲೇಬಲ್ಲಿಗೆ ಹಾಕಿತು, 1876ರಲ್ಲಿ ನೋಂದಾಯಿಸಿತು. ಐರ್ಲೆಂಡ್ ಸ್ವತಂತ್ರವಾಗಿ ಸರ್ಕಾರಕ್ಕೂ ಕಿನ್ನರಿಯೇ ಲಾಂಛನ ಬೇಕೆನಿಸಿದಾಗ ಅದನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿಕೊಳ್ಳಬೇಕಾಯಿತು. ಬಿಯರ್ ಕಂಪನಿಯ ಎದುರು ಸರ್ಕಾರ ಮಗ್ಗುಲು ಬದಲಿಸಿದ ಉದಾಹರಣೆ ಬೇರೆ ಎಲ್ಲಿದೆಯೋ!

ಇಷ್ಟವಾಗುವುದು ಅದಕ್ಕಲ್ಲ. 1959ರಲ್ಲಿ ಅವರು ಸಾರಜನಕ ಬೆರೆಸಿದ ಬಿಯರ್ ತಂದರು, ನೊರೆ ಕೆನೆಯ ಹಾಗೆ ನಿಲ್ಲುವುದು ಅದರಿಂದ. ಅದನ್ನು ಒಂದೇ ಸಲ ತುಂಬಿಸುವಂತಿಲ್ಲ. ಹಿಡಿಕೆಯನ್ನು ನಮ್ಮ ಕಡೆಗೆ ಎಳೆದು ಮುಕ್ಕಾಲು ಗ್ಲಾಸು ತುಂಬಿಸಿ ಇಟ್ಟುಬಿಡಬೇಕು. ಕಂದು ಅಲೆ ಕೆಳಗಿಳಿದು ಕಪ್ಪಾದ ಮೇಲೆ ಹಿಡಿಕೆಯನ್ನು ಆಚೆ ದೂಡಿ ಉಳಿದದ್ದನ್ನು ತುಂಬಬೇಕು. ಆ ನಲ್ಲಿಯೊಂದು ಮಾತ್ರ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಎಲ್ಲ ಸೇರಿ 119.5 ಸೆಕೆಂಡು ಎಂದು ಕಂಪನಿಯೇ ಹೇಳಿಕೊಳ್ಳುತ್ತದೆ. ಸರತಿಯಲ್ಲಿ ನಿಂತ ಗಿರಾಕಿ ಏನು ಹೇಳುತ್ತಾನೆ ಎಂಬುದನ್ನು ಕಂಪನಿ ಬರೆದಿಲ್ಲ. ಆ ಎರಡು ನಿಮಿಷ ಬಾರಿನವನಿಗೆ ಸಿಗುವ ನ್ಯಾಯವಾದ ವಿಶ್ರಾಂತಿ. ನಮ್ಮ ಕೈಗೆ ಬಿಡುವು ಕೊಟ್ಟ ಹಿಡಿಕೆ ಅದೊಂದೇ.

ಪ್ರಶ್ನೆ: ಕಿಂಗ್‌ಫಿಶರ್ ನಮ್ಮ ಬಂಟ್ವಾಳದ ಮಲ್ಯ ಕುಟುಂಬದ್ದಲ್ಲವೇ? ಆ ಹಕ್ಕಿಯ ಆಕಾರದ ಹಿಡಿಕೆ ನಿಮ್ಮಲ್ಲಿದೆಯೇ?
(ಬಂಟ್ವಾಳ ಮೂಲದ, ಮಂಗಳೂರಿನ ಓದುಗರು)

ಉತ್ತರ: ಊರ ಅಭಿಮಾನ ಒಳ್ಳೆಯದೇ. ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಕಟ್ಟಿದವರು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು. ಬಂಟ್ವಾಳ ಮೂಲದ ವಿಠಲ ಮಲ್ಯರು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರು. ಕಿಂಗ್‌ಫಿಶರ್ ಹೆಸರು ಇಂದು ನಾವು ಕಾಣುವ ರೂಪದಲ್ಲಿ ಬಂದದ್ದು 1978ರಲ್ಲಿ. ಈಗ ಕಂಪನಿ ಹೈನೆಕೆನ್ ಕೈಯಲ್ಲಿದೆ. ಹಿಡಿಕೆಯ ಮಟ್ಟಿಗೆ ಹೇಳುವುದಾದರೆ, ನನ್ನಲ್ಲಿರುವುದು ಹಕ್ಕಿಯ ಚಿತ್ರ ಅಂಟಿಸಿದ ನೇರ ಹಿಡಿಕೆ. ಅಷ್ಟು ಚಂದದ ಮಿಂಚುಳ್ಳಿಯನ್ನು ಸ್ಟಿಕ್ಕರ್ ಮಾಡಿ ಮುಗಿಸಿದ್ದಾರೆ ಎಂಬ ಬೇಜಾರು ನನಗೂ ಇದೆ. ಕೊಕ್ಕು ಕೆಳಗೆ ಮಾಡಿ ನೀರಿಗೆ ಧುಮುಕುವ ಹಕ್ಕಿ, ರೆಕ್ಕೆ ಮಡಚಿದ್ದು, ಕಿರಿದು, ಉದ್ದ: ನಲ್ಲಿಗೆ ಅದಕ್ಕಿಂತ ಒಪ್ಪುವ ಆಕಾರ ಇನ್ನೊಂದಿಲ್ಲ.

ಪ್ರಶ್ನೆ: ಮರದ ಕೆತ್ತನೆ ನಮ್ಮ ವಂಶದ ಕಸುಬು. ಸಮುದ್ರ ತೀರದ ಒಂದು ರೆಸಾರ್ಟಿನವರು ನಮ್ಮ ನಾಡಿನದ್ದೇ ಆಕೃತಿಯ ಬಿಯರ್ ಹಿಡಿಕೆಗಳನ್ನು ಕೆತ್ತಿಕೊಡಿ ಎಂದಿದ್ದಾರೆ. ದೈವದ ಮೊಗ, ಯಕ್ಷಗಾನದ ಕಿರೀಟ ಎಂದು ಅವರ ಯೋಚನೆ. ಅಳತೆ ಏನಿರಬೇಕು? ಯಾವ ಮರ ಒಳ್ಳೆಯದು?
(ಕಾರ್ಕಳದ ಕುಶಲಕರ್ಮಿ)

ಉತ್ತರ: ಆಚಾರ್ಯರೇ, ಬಹಳ ಸಂತೋಷದ ಪತ್ರ. ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ದೈವದ ಮೊಗ ಮಾಡಬೇಡಿ. ದೈವಕ್ಕೆ ಕಳ್ಳು ಇಡುವ ಕ್ರಮ ನಮ್ಮಲ್ಲಿ ಇದೆಯಲ್ಲ ಎಂದು ರೆಸಾರ್ಟಿನವರು ವಾದಿಸಬಹುದು. ದೈವದ ಎದುರು ಇಡುವುದು ಬೇರೆ, ದೈವದ ಮೋರೆ ಹಿಡಿದೆಳೆದು ಗಿರಾಕಿಗೆ ಸುರಿಯುವುದು ಬೇರೆ. ನಿಮ್ಮ ಮನೆಯಲ್ಲಿಯೇ ಯಾರೂ ಒಪ್ಪಲಿಕ್ಕಿಲ್ಲ. ಕಿರೀಟಕ್ಕೆ ನನ್ನ ತಕರಾರು ಕಸುಬಿನದ್ದು: ಅದು ಅಗಲ, ಪಕ್ಕದ ನಲ್ಲಿಗೆ ತಾಗುತ್ತದೆ.

ನಮ್ಮ ನಾಡಿನ ಆಕೃತಿ ಬೇಕೆಂದರೆ ಮಲ್ಪೆಯ ಬಂದರಿಗೆ ಒಂದು ಬೆಳಗ್ಗೆ ಹೋಗಿ ನಿಲ್ಲಿ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲವೂ ಹಿಡಿಕೆಗೆಂದೇ ಹುಟ್ಟಿದ ಆಕಾರದವು. ಬಾಲ ಮೇಲೆ, ತಲೆ ಕೆಳಗೆ ಕೆತ್ತಿ. ಭಾರ ಬುಡದಲ್ಲಿ ಉಳಿಯುತ್ತದೆ, ನಲ್ಲಿ ತಾನಾಗಿ ತೆರೆಯುವುದಿಲ್ಲ. ದೋಣಿಯ ಮೂತಿ, ಅಂಬಿಗನ ಹುಟ್ಟು, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಇವೂ ಆದೀತು. ಆ ದ್ವೀಪದ ಕಂಬಗಳು ಲಾವಾ ತಣಿದು ಒಡೆದಾಗ ಕೋನಕೋನವಾಗಿ ಎದ್ದವು, ಕೈಹಿಡಿತಕ್ಕೆ ಆ ಕೋನಗಳು ಬಲು ಅನುಕೂಲ.

ಎತ್ತರ ಒಂದಡಿ ಮೀರದಿರಲಿ, ಅಗಲ ಮೂರು ಇಂಚಿನೊಳಗೆ ಇರಲಿ. ರೆಸಾರ್ಟಿಗೆ ಹೋಗಿ ನಲ್ಲಿಗಳ ನಡುವಿನ ಅಂತರವನ್ನು ನೀವೇ ಟೇಪು ಹಿಡಿದು ಅಳೆಯಿರಿ, ಅವರು ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಮರಕ್ಕೆ ಹಲಸು ಸಾಕು. ಕೆತ್ತಲು ನಿಮ್ಮ ಕೈಗೆ ಪಳಗಿದ್ದು, ಬಣ್ಣವೂ ಹಾಗೆಯೇ ಚಂದ. ಸಾಗುವಾನಿ ನೀರಿಗೆ ಇನ್ನೂ ಗಟ್ಟಿ, ಖರ್ಚು ಅವರದ್ದಾದರೆ ಅದನ್ನೇ ಹಾಕಿ. ಹಸಿ ಮರ ಯಾವ ಕಾರಣಕ್ಕೂ ಬೇಡ. ಹವಾನಿಯಂತ್ರಣದ ಕೋಣೆಯಲ್ಲಿ ಹಸಿ ಮರ ಸೀಳುತ್ತದೆ. ಥ್ರೆಡ್ಡನ್ನು ಮರದಲ್ಲಿಯೇ ಕೊರೆಯಬೇಡಿ, ದಿನಕ್ಕೆ ನೂರಾರು ಸಲ ಎಳೆಯುವ ವಸ್ತು ಅದು, ಬೇಗ ಸವೆಯುತ್ತದೆ. ಹಿತ್ತಾಳೆಯ ಬುಷ್ ಲೇತಿನಲ್ಲಿ ಮಾಡಿಸಿ, ಎಪಾಕ್ಸಿ ಹಾಕಿ ಬುಡದಲ್ಲಿ ಕೂರಿಸಿ. ಕೊನೆಯದಾಗಿ ಬಾರಿನ ಹುಡುಗನ ಒದ್ದೆ ಕೈಗೆ ಒಂದನ್ನು ಕೊಟ್ಟು ಎಳೆಸಿ ನೋಡಿ. ಜಾರಿದರೆ ಮೀನಿನ ಮೈಗೆ ಪೊರೆಯ ಗೆರೆಗಳನ್ನು ಆಳವಾಗಿ ಹಾಕಿ. ಪ್ರತಿಯೊಂದರ ಬುಡದಲ್ಲಿಯೂ ನಿಮ್ಮ ಹೆಸರು, ಊರು, ವರ್ಷ ಕೆತ್ತಲು ಮರೆಯಬೇಡಿ. ಬೆಲೆಯನ್ನು ಕೆತ್ತನೆಯ ದಿನಗೂಲಿಯ ಲೆಕ್ಕದಲ್ಲಿ ಹೇಳಿ, ಮರದ ಲೆಕ್ಕದಲ್ಲಿ ಅಲ್ಲ. ನನಗೊಂದು ಬಂಗುಡೆ ಬೇಕು, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಸ್ನೇಹಿತನೊಬ್ಬ ಪಬ್‌ನಿಂದ ಗೂಬೆಯ ಹಿಡಿಕೆಯೊಂದನ್ನು ಜಾಕೆಟ್ಟಿನೊಳಗೆ ಹಾಕಿಕೊಂಡು ಬಂದಿದ್ದಾನೆ. ಎಷ್ಟು ಬೆಲೆ ಬಾಳಬಹುದು?
(ಮಂಗಳೂರು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ಕದ್ದ ಮಾಲಿಗೆ ಇಲ್ಲಿ ಬೆಲೆ ಹೇಳುವುದಿಲ್ಲ. ನಿಮ್ಮ ‘ಸ್ನೇಹಿತ’ನಿಗೆ ಅದನ್ನು ಹಿಂದಕ್ಕೆ ಕೊಟ್ಟು ಬರಲು ಹೇಳಿ. ಹಿಡಿಕೆ ಇಲ್ಲದ ನಲ್ಲಿಯನ್ನು ಬಾರಿನ ಹುಡುಗ ಇಕ್ಕಳದಲ್ಲಿ ಎಳೆಯಬೇಕಾಗುತ್ತದೆ, ಕಳೆದುಹೋದದ್ದರ ದುಡ್ಡನ್ನು ಅವನ ಸಂಬಳದಿಂದ ಮುರಿಯುವ ಯಜಮಾನರೂ ಇದ್ದಾರೆ. ಹಿಡಿಕೆ ಬೇಕಿದ್ದರೆ ಕೇಳಿ ತೆಗೆದುಕೊಳ್ಳಬಹುದು. ಬ್ರಾಂಡ್ ಬದಲಾದಾಗ ಹಳೆಯವನ್ನು ಕೌಂಟರಿನ ಕೆಳಗೆ ಯಾವುದೋ ಪೆಟ್ಟಿಗೆಯಲ್ಲಿ ಒಟ್ಟಿರುತ್ತಾರೆ. ಮಧ್ಯಾಹ್ನ ಮೂರರ ಮೇಲೆ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಹೋಗಿ ಮ್ಯಾನೇಜರನ್ನು ಕೇಳಲಿ. ಶನಿವಾರ ರಾತ್ರಿ ಎಂಟಕ್ಕೆ ಕೇಳಿದರೆ ಗೂಬೆಯಲ್ಲ, ಬೈಗುಳ ಸಿಗುತ್ತದೆ.